ಮಾಮೂಲಿ ತಲೆ, ಅಸಾಮಾನ್ಯ ನೆನಪು: ಮನಸ್ಸಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದ ನೆಂಟರು, ಪಕ್ಕದ ಮನೆಯ ಪಿಯುಸಿ ಹುಡುಗ, ಬೆಳಗಿನ ವಾಕಿಂಗ್ ಗೆಳೆಯರು. ಮೆದುಳು, ನೆನಪು ಅಂತ ಮಾತು ಬಂದರೆ ಎಲ್ಲರ ಪ್ರಶ್ನೆಗಳೂ ಸುತ್ತಿ ಸುತ್ತಿ ಅವೇ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನನಗೆ ಇಷ್ಟದ ವಿಷಯ ಬಂದ ಕಡೆ ಮಾತು ಜಾಸ್ತಿಯಾಗಿದೆ, ಸಹಿಸಿಕೊಳ್ಳಿ.

ಮಗುವಿಗೆ ಹುಟ್ಟುವಾಗಲೇ ಏನೇನು ಬರುತ್ತದೆ?

ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹಸುಗೂಸಿನ ಕೆನ್ನೆ ಸವರಿ ನೋಡಿ, ಆ ಕಡೆಗೇ ಬಾಯಿ ತಿರುಗಿಸುತ್ತದೆ. ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. ದಡಕ್ಕನೆ ಸದ್ದಾದರೆ ಎರಡೂ ಕೈ ಚಾಚಿ ಬೆಚ್ಚುತ್ತದೆ. ಇವನ್ನು ಯಾರೂ ಕಲಿಸಿಲ್ಲ. ಕೆಲವು ತಿಂಗಳಲ್ಲಿ ಇವು ತಾವಾಗಿ ಮಾಯವಾಗುತ್ತವೆ, ಆ ಜಾಗಕ್ಕೆ ಬೇಕೆಂದು ಮಾಡುವ ಚಲನೆ ಬರುತ್ತದೆ.

ಹುಟ್ಟುಗುಣ ಅಂದರೆ ನನಗೆ ಮೊದಲು ನೆನಪಾಗುವುದು ಕೋಗಿಲೆ. ಕಾಗೆಯ ಗೂಡಿನಲ್ಲಿ ಹುಟ್ಟಿ, ಕಾಗೆ ಕೊಟ್ಟ ತುತ್ತು ತಿಂದು, ದಿನವಿಡೀ ಕಾ ಕಾ ಕೇಳಿಕೊಂಡು ಬೆಳೆದ ಮರಿ ದೊಡ್ಡದಾದ ಮೇಲೆ ಕುಹೂ ಅಂತಲೇ ಕೂಗುತ್ತದೆ. ಮನುಷ್ಯನ ಮಗು ಹಾಗಲ್ಲ. ಕನ್ನಡದ ತಾಯಿಗೆ ಹುಟ್ಟಿದ ಕೂಸು ಟೋಕಿಯೋದಲ್ಲಿ ಜಪಾನೀಯರ ಮನೆಯಲ್ಲಿ ಬೆಳೆದರೆ ಜಪಾನಿಯನ್ನೇ ಮಾತಾಡುತ್ತದೆ. ನಮಗೆ ಹುಟ್ಟಿನಿಂದ ಬರುವುದು ಭಾಷೆ ಕಲಿಯುವ ಹಸಿವು. ಯಾವ ಭಾಷೆ ಅನ್ನುವುದು ಊರಿಗೆ, ಮನೆಗೆ ಬಿಟ್ಟದ್ದು.

ಹುಟ್ಟಿದ ಎರಡು ಮೂರು ದಿನದ ಮಗು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಗಿಂತ ಹೆಚ್ಚು ಇಷ್ಟಪಡುತ್ತದೆ ಎಂದು 1980ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಇದು ಹುಟ್ಟುಗುಣ ಅನಿಸುತ್ತದೆ ಅಲ್ವಾ? ಆದರೆ ಮಗು ಹೊಟ್ಟೆಯಲ್ಲಿದ್ದಾಗಲೇ ಆ ದನಿ ಕೇಳಿ ಕಲಿತಿರುತ್ತದೆ. ಕಲಿಕೆಗೆ ಹುಟ್ಟಿದ ದಿನದಿಂದ ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

ಹಾವಿನ ಭಯ ಹುಟ್ಟಿನಿಂದಲೇ ಬಂದಿದ್ದಾ?

ಅರ್ಧ ಹೌದು. ಅಮೆರಿಕದ ಸೂಸನ್ ಮಿನೇಕಾ ಮತ್ತು ಜೊತೆಗಾರರು 1980ರ ದಶಕದಲ್ಲಿ ಕೋತಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಪ್ರಯೋಗಶಾಲೆಯಲ್ಲೇ ಬೆಳೆದ ಕೋತಿಗಳಿಗೆ ಹಾವಿನ ಭಯವೇ ಇರಲಿಲ್ಲ. ಬೇರೊಂದು ಕೋತಿ ಹಾವಿಗೆ ಹೆದರುವ ವಿಡಿಯೋ ತೋರಿಸಿದ ಮೇಲೆ ಇವೂ ಹೆದರತೊಡಗಿದವು. ಆಮೇಲೆ ವಿಡಿಯೋ ಕತ್ತರಿಸಿ ಜೋಡಿಸಿ, ಕೋತಿ ಹೂವಿಗೆ ಹೆದರುತ್ತಿದೆ ಅನ್ನುವಂತೆ ತೋರಿಸಿದರು. ಹೂವಿನ ಭಯ ಮಾತ್ರ ಯಾವ ಕೋತಿಗೂ ಹತ್ತಲಿಲ್ಲ. ಭಯ ಕಲಿತದ್ದೇ. ಆದರೆ ಯಾವುದಕ್ಕೆ ಹೆದರುವುದನ್ನು ಬೇಗ ಕಲಿಯಬೇಕು ಅನ್ನುವುದು ಮೊದಲೇ ಒಳಗಿತ್ತು.

ನಾವು ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತೇವಂತೆ?

ಸುಳ್ಳು. ಮೆದುಳು ದೇಹದ ತೂಕದಲ್ಲಿ ಸುಮಾರು 2 ಪರ್ಸೆಂಟ್, ಆದರೆ ಸುಮ್ನೆ ಕೂತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20 ಪರ್ಸೆಂಟ್ ಅದೇ ತಿನ್ನುತ್ತದೆ. ಕೆಲಸ ಮಾಡದವನಿಗೆ ಯಾರು ಇಷ್ಟು ಊಟ ಹಾಕುತ್ತಾರೆ?

ಫೋನ್ ನಂಬರ್ ಕೇಳಿದ ಕೂಡಲೇ ಮರೆತುಹೋಗುತ್ತದೆ. ನನ್ನ ನೆನಪು ಕೆಟ್ಟಿದೆಯಾ?

ಕೆಟ್ಟಿಲ್ಲ. ಎಲ್ಲರ ತಲೆಯ ಬಾಗಿಲೂ ಇಷ್ಟೇ ಸಣ್ಣದು. ಒಂದು ಸಲಕ್ಕೆ ಸುಮಾರು ಏಳು ಸಂಗತಿ ಹಿಡಿಯಬಹುದು, ಒಂದೆರಡು ಹೆಚ್ಚು ಕಡಿಮೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆ ಏಳೂ ಜಾಸ್ತಿಯಾಯಿತು, ನಿಜಕ್ಕೂ ನಾಲ್ಕರ ಹತ್ತಿರ ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು.

ಆದರೆ ಒಂದು ಸಂಗತಿ ಅಂದರೆ ಎಷ್ಟು ದೊಡ್ಡದು? ಗುಟ್ಟು ಇರುವುದು ಇಲ್ಲಿಯೇ. ಹೈಸ್ಕೂಲಿನ ಛಂದಸ್ಸಿನ ಪಾಠ ನೆನಪಿಸಿಕೊಳ್ಳಿ. ಎಂಟು ಗಣ, ಒಂದೊಂದಕ್ಕೂ ಮೂರು ಗುರು ಲಘು. ಬಿಡಿಬಿಡಿಯಾಗಿ ಇಪ್ಪತ್ತನಾಲ್ಕು ಗುರುತು ನೆನಪಿಡಬೇಕು. ಮೇಷ್ಟ್ರು ಕೊಟ್ಟದ್ದು ಒಂದೇ ಮಾತು: ಯಮಾತಾರಾಜಭಾನಸಲಗಂ. ಯಗಣ ಬೇಕಾ? ಯ ಇಂದ ಶುರು ಮಾಡಿ ಮೂರು ಅಕ್ಷರ ತೆಗೆದುಕೊಳ್ಳಿ, ಯಮಾತಾ, ಅಂದರೆ ಲಘು ಗುರು ಗುರು. ರಗಣ ಬೇಕಾ? ರಾಜಭಾ, ಗುರು ಲಘು ಗುರು. ಹತ್ತು ಅಕ್ಷರದ ಒಂದೇ ಗಂಟಿನಲ್ಲಿ ಎಂಟೂ ಗಣ ಕೂತಿವೆ. ಬಾಗಿಲು ದೊಡ್ಡದಾಗಲಿಲ್ಲ, ಗಂಟು ಕಟ್ಟುವ ರೀತಿ ಬದಲಾಯಿತು, ಅಷ್ಟೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಸೈಕಲ್ ಹೊಡೆಯುವುದು ಮರೆಯುವುದಿಲ್ಲ, ಓದಿದ ಪಾಠ ಮರೆಯುತ್ತದೆ. ಯಾಕೆ?

ಅವೆರಡೂ ಬೇರೆ ಬೇರೆ ಕಡೆ ಇರುವ ನೆನಪು. ಇದು ಗೊತ್ತಾದದ್ದು ಹೆನ್ರಿ ಮೊಲೇಸನ್ ಎಂಬ ಅಮೆರಿಕದ ಮನುಷ್ಯನಿಂದ. ಫಿಟ್ಸ್ ತುಂಬ ಜೋರಾಗಿತ್ತು ಅಂತ 1953ರಲ್ಲಿ, ಅವರಿಗೆ 27 ವರ್ಷವಾಗಿದ್ದಾಗ, ಮೆದುಳಿನ ಎರಡೂ ಬದಿಯಿಂದ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಇರುವ ಭಾಗವನ್ನು ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅವತ್ತಿನಿಂದ ಹೊಸ ಘಟನೆ ಯಾವುದೂ ಅವರಲ್ಲಿ ನಿಲ್ಲಲಿಲ್ಲ. ಈಗಷ್ಟೇ ಮಾತಾಡಿಸಿ ಹೋದವರು ತಿರುಗಿ ಬಂದರೆ ಹೊಸಬರು.

ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಈ ಮೊಲೇಸನ್ನರಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ಮಾಡಿ ನೋಡಿ, ಕೈ ಉಲ್ಟಾ ಓಡುತ್ತದೆ. ಮೊಲೇಸನ್ ಮೂರು ದಿನ ಮಾಡಿದರು, ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಹಿಂದೆ ಇದನ್ನು ಮಾಡಿದ ನೆನಪು ಮಾತ್ರ ಅವರಿಗೆ ಇರಲಿಲ್ಲ. ಅವರ ಕೈ ಕುದುರಿತ್ತು, ಅವರಿಗೇ ಗೊತ್ತಿರಲಿಲ್ಲ.

ನಮ್ಮ ಅಜ್ಜಿಯನ್ನು ಹೋಳಿಗೆಯ ಕಣಕಕ್ಕೆ ಎಷ್ಟು ನೀರು ಅಂತ ಕೇಳಿದರೆ "ಹಿಡಿಸೋಷ್ಟು ಹಾಕು" ಅನ್ನುತ್ತಿದ್ದರು. ಬಚ್ಚಿಡುತ್ತಾರೆ ಅಂತ ಅಮ್ಮನಿಗೆ ಸಿಟ್ಟು. ಪಾಪ, ಅಜ್ಜಿಯ ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

ಸಾವಿರಾರು ಅಂಕಿ ಬಾಯಿಪಾಠ ಹೇಳುವವರ ಮೆದುಳು ಬೇರೆ ಥರ ಇರುತ್ತದಾ?

ಇಬ್ಬರ ಕಥೆ ಹೇಳುತ್ತೇನೆ.

ಮೊದಲನೆಯವನು ಅಮೆರಿಕದ ಕಾಲೇಜು ಹುಡುಗ. ವಿಲಿಯಂ ಚೇಸ್ ಮತ್ತು ಆಂಡರ್ಸ್ ಎರಿಕ್ಸನ್ ಅವನಿಗೆ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿ, ತಿರುಗಿ ಹೇಳಿಸಿದರು. ಶುರುವಿನಲ್ಲಿ ಏಳು ಅಂಕಿ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದಲ್ಲಿ ಒಟ್ಟು ಸುಮಾರು 230 ಗಂಟೆ ಅಭ್ಯಾಸ ಆದ ಮೇಲೆ 79 ಅಂಕಿ! 1980ರಲ್ಲಿ ಇದು ಪ್ರಕಟವಾಯಿತು. ಹುಡುಗ ಓಟಗಾರ. 3492 ಎಂದು ಕೇಳಿದರೆ ಅವನಿಗದು 3 ನಿಮಿಷ 49.2 ಸೆಕೆಂಡ್, ಒಂದು ಮೈಲಿ ಓಟದ ಆಗಿನ ವಿಶ್ವದಾಖಲೆಗೆ ಹತ್ತಿರದ ಟೈಮು. ಅಂಕಿಗಳನ್ನೆಲ್ಲ ಓಟದ ಟೈಮಾಗಿ ಗಂಟು ಕಟ್ಟುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟರು. ಮತ್ತೆ ಆರಕ್ಕೆ ಇಳಿದ.

ಎರಡನೆಯವರು ನಮ್ಮ ಕಡೆಯವರು, ರಾಜನ್ ಮಹಾದೇವನ್. 1981ರ ಜುಲೈ 5ರಂದು ಮಂಗಳೂರಿನಲ್ಲಿ ಪೈ ಸಂಖ್ಯೆಯ 31,811 ಅಂಕಿಗಳನ್ನು ಬಾಯಿಪಾಠ ಹೇಳಿ ಗಿನ್ನೆಸ್ ದಾಖಲೆ ಬರೆದರು. 1987ರಲ್ಲಿ ಜಪಾನಿನ ಹಿದೆಯಾಕಿ ತೊಮೊಯೋರಿ 40,000 ಹೇಳುವವರೆಗೂ ಅದು ನಿಂತಿತ್ತು. ರಾಜನ್ ಓದಲು ಅಮೆರಿಕಕ್ಕೆ ಹೋದಾಗ ಅಲ್ಲಿನ ವಿಜ್ಞಾನಿಗಳು ಅವರನ್ನೇ ಪರೀಕ್ಷೆಗೆ ಕೂರಿಸಿದರು. ಇವರ ನೆನಪು ಹುಟ್ಟಿನಿಂದಲೇ ದೊಡ್ಡದು ಎಂದಿತು ಒಂದು ಗುಂಪು. ಎರಿಕ್ಸನ್ ಒಪ್ಪಲಿಲ್ಲ. 2004ರಲ್ಲಿ ಅವರ ತಂಡ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಕಿ ತೆಗೆದು ಬರೀ ಚಿಹ್ನೆಗಳನ್ನು ಕೊಟ್ಟಿದ್ದರು. ರಾಜನ್ ಕೂಡ ಆರರ ಹತ್ತಿರ ನಿಂತರು, ಮಾಮೂಲಿ ಕಾಲೇಜು ಹುಡುಗರ ಹಾಗೆ. ಆಮೇಲೆ ಚಿಹ್ನೆಗಳಿಗೆ ಅಂಕಿಯ ಬೆಲೆ ಕೊಟ್ಟುಕೊಂಡು ಮತ್ತೆ ಮೇಲೇರಿದರು.

ಇಬ್ಬರ ಬಾಗಿಲೂ ನಮ್ಮ ನಿಮ್ಮಷ್ಟೇ ಸಣ್ಣದು. ಹುಟ್ಟಿನಿಂದ ಬಂದದ್ದು ಏನಾದರೂ ಇದ್ದರೆ ಅದು 31,811 ಅಂಕಿಗಳ ಮುಂದೆ ಬೇಜಾರಿಲ್ಲದೆ ಕೂರುವ ಗುಣ ಇರಬೇಕು. ಇದು ನನ್ನ ಅನಿಸಿಕೆ ಅಷ್ಟೆ.

ಹಾಗಾದರೆ ಶಕುಂತಲಾ ದೇವಿ? ಅವರದ್ದೂ ಅಭ್ಯಾಸವೇ?

ಇಲ್ಲಿ ಸ್ವಲ್ಪ ಹುಷಾರಾಗಿ ಮಾತಾಡಬೇಕು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ತಂದೆ ಸರ್ಕಸ್ಸಿನಲ್ಲಿದ್ದವರು, ಶಾಲೆಯ ಓದು ಹೆಚ್ಚೇನೂ ಇಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಲು ಕೊಟ್ಟರು. 26 ಅಂಕಿಗಳ ಸರಿಯುತ್ತರವನ್ನು 28 ಸೆಕೆಂಡಿನಲ್ಲಿ ಹೇಳಿದರು.

1988ರಲ್ಲಿ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಅವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ 395, 17,08,59,375ರ ಏಳನೇ ಮೂಲ 15. ಇಂಥ ಉತ್ತರಗಳು ಜೆನ್ಸನ್ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಮುಗಿಸುವ ಮೊದಲೇ ಬಂದಿದ್ದವು. ಆದರೆ ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಧಾರಣ. ಅಂದರೆ ಯಂತ್ರ ಓಡುವ ವೇಗ ಮಾಮೂಲಿ, ಲೆಕ್ಕದ ದಾರಿಗಳು ಮಾತ್ರ ಬೇರೆ. ನಮಗೆ ಅಂಕಿ ಕಾಣುವ ಕಡೆ ಅವರಿಗೆ ಪರಿಚಯದ ಮುಖ ಕಾಣುತ್ತಿತ್ತು ಅನ್ನಬಹುದು. ಆ ಪರಿಚಯ ಮೂರು ವರ್ಷದ ಮಗುವಾಗಿದ್ದಾಗಲೇ ಹೇಗೆ ಶುರುವಾಯಿತು ಅಂತ ಕೇಳಿದರೆ, ಬರೀ ಅಭ್ಯಾಸ ಅನ್ನುವ ಉತ್ತರ ನನಗೂ ಸಾಲದು.

ಘನಮೂಲ ನಾನೂ ಹೇಳಬಹುದಾ?

ಎರಡು ಅಂಕಿಯ ಉತ್ತರವಾದರೆ ಇವತ್ತೇ ಹೇಳಬಹುದು. 1ರಿಂದ 9ರವರೆಗಿನ ಘನಗಳು: 1, 8, 27, 64, 125, 216, 343, 512, 729. ಕೊನೆಯ ಅಂಕಿಗಳನ್ನು ನೋಡಿ, ಒಂದೂ ಮರುಕಳಿಸಿಲ್ಲ.

ಯಾರಾದರೂ 47ರ ಘನ ಮಾಡಿ, 1,03,823ರ ಘನಮೂಲ ಎಷ್ಟು ಅಂತ ಕೇಳಲಿ. ಕೊನೆಯ ಅಂಕಿ 3. ಮೇಲಿನ ಸಾಲಿನಲ್ಲಿ 3ರಲ್ಲಿ ಮುಗಿಯುವುದು 343, ಅಂದರೆ 7ರ ಘನ. ಉತ್ತರದ ಬಿಡಿ ಸ್ಥಾನ 7. ಈಗ ಕೊನೆಯ ಮೂರು ಅಂಕಿ ಬಿಡಿ, ಉಳಿದದ್ದು 103. ಅದು 64ಕ್ಕಿಂತ ದೊಡ್ಡದು, 125ಕ್ಕಿಂತ ಚಿಕ್ಕದು. 64 ಅಂದರೆ 4ರ ಘನ. ಹತ್ತರ ಸ್ಥಾನ 4. ಉತ್ತರ 47. ಪೂರ್ಣ ಘನ ಕೊಟ್ಟರೆ ಮಾತ್ರ ಇದು ನಡೆಯುತ್ತದೆ, ನೆಂಟರ ಮುಂದೆ ಮರ್ಯಾದೆ ಕಳೆದುಕೊಳ್ಳಬೇಡಿ.

ಅಷ್ಟಾವಧಾನ ಮಾಡುವವರು ಒಂದೇ ಸಲ ಎಂಟು ಕಡೆ ಗಮನ ಕೊಡುತ್ತಾರಾ?

ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದವರು ಕೇಳುವ ಮೊದಲ ಪ್ರಶ್ನೆ ಇದು. ನೋಡಿಲ್ಲದವರಿಗೆ ಸ್ವಲ್ಪ ವಿವರ. ಸುತ್ತ ಎಂಟು ಜನ ಪೃಚ್ಛಕರು ಕೂತಿರುತ್ತಾರೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ. ನಿಷೇಧಾಕ್ಷರಿಯವರು ಪದ್ಯದ ಒಂದೊಂದು ಅಕ್ಷರಕ್ಕೂ "ಈ ಅಕ್ಷರ ಬೇಡ" ಅನ್ನುತ್ತ ದಾರಿ ಕಟ್ಟುತ್ತಾರೆ. ಸಮಸ್ಯಾಪೂರಣದವರು ಅರ್ಥವೇ ಇಲ್ಲದಂತೆ ಕಾಣುವ ಒಂದು ಸಾಲು ಕೊಟ್ಟು, ಅರ್ಥ ಕೂಡುವಂತೆ ಉಳಿದ ಪದ್ಯ ಕಟ್ಟಿ ಅನ್ನುತ್ತಾರೆ. ದತ್ತಪದಿಯವರು ನಾಲ್ಕು ಪದ ಕೊಟ್ಟು, ಸಾಲಿಗೊಂದು ಸೇರಿಸಿ ಅನ್ನುತ್ತಾರೆ. ಸಂಖ್ಯಾಬಂಧದವರು ಒಂದು ಮೊತ್ತ ಕೊಟ್ಟು, ಪ್ರತಿ ಸಾಲೂ ಅಷ್ಟೇ ಬರುವಂತೆ ತುಂಬಬೇಕಾದ ಚೌಕದ ಯಾವುದೋ ಮನೆಯ ಅಂಕಿಯನ್ನು ನಡುನಡುವೆ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗದವರ ಕೆಲಸ ಒಂದೇ, ತಲೆಹರಟೆ ಪ್ರಶ್ನೆ ಕೇಳಿ ಗಮನ ಕೆಡಿಸುವುದು. ಸಭೆ ನಗುವುದು ಅಲ್ಲೇ.

ಒಂದು ಸುತ್ತಿನಲ್ಲಿ ಒಂದು ಪದ್ಯದ ಒಂದೇ ಸಾಲು. ನಾಲ್ಕು ಸುತ್ತಾದ ಮೇಲೆ ಪದ್ಯಗಳನ್ನೆಲ್ಲ ಪೂರ್ತಿ ಹೇಳಬೇಕು. ಅದಕ್ಕೆ ಧಾರಣ ಅಂತ ಹೆಸರು.

ಈಗ ನೋಡಿ, ಎಂಟು ಕಡೆ ಒಟ್ಟಿಗೆ ಗಮನ ಇಲ್ಲವೇ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಿ, ಬಿಟ್ಟಲ್ಲಿಗೇ ತಿರುಗಿ ಬರುವುದು ಇದೆ. ಬಿಟ್ಟ ಜಾಗ ಮರೆಯದಂತೆ ನೋಡಿಕೊಳ್ಳುವುದು ಛಂದಸ್ಸು. ಸಾಲು ಎಷ್ಟು ಉದ್ದ, ಎಲ್ಲಿ ಗುರು, ಎಲ್ಲಿ ಲಘು ಎಲ್ಲ ಮೊದಲೇ ಗೊತ್ತು. ಕನ್ನಡ ಪದ್ಯಕ್ಕೆ ಆದಿಪ್ರಾಸವೂ ಇದೆ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ. ಒಂದು ಸಾಲು ಸಿಕ್ಕರೆ ಮುಂದಿನ ಸಾಲಿನ ಬಾಲ ಕೈಗೆ ಸಿಗುತ್ತದೆ. ಸಂಖ್ಯಾಬಂಧಕ್ಕೂ ಒಂದು ಬುಡ ಇದೆ. 1ರಿಂದ 25ರವರೆಗೆ ತುಂಬಿದ ಐದೈದರ ಮಾಯಾಚೌಕದಲ್ಲಿ ಪ್ರತಿ ಸಾಲಿನ ಮೊತ್ತ 65. ಎಲ್ಲ ಮನೆಗೂ ಒಂದೊಂದು ಕೂಡಿಸಿದರೆ 70. ಇಷ್ಟು ಹೇಳಿದ ಮಾತ್ರಕ್ಕೆ ಅವಧಾನ ಸುಲಭ ಅಂದುಕೊಳ್ಳಬೇಡಿ. ಗಂಟು ಕಟ್ಟುವುದು ನೆನಪಿನ ಭಾಗಕ್ಕಾಯಿತು. ನಿಷೇಧದ ನಡುವೆಯೇ ಅರ್ಥವಿರುವ, ಚೆಂದದ ಪದ್ಯ ಹುಟ್ಟುತ್ತದಲ್ಲ, ಅದಕ್ಕೆ ಭಾಷೆಯಲ್ಲೇ ಮುಳುಗಿ ಬದುಕಿರಬೇಕು.

ಅಭ್ಯಾಸದಿಂದ ಮೆದುಳೇ ಬದಲಾಗುತ್ತದಾ?

ಆಗುತ್ತದೆ, ಸ್ಕ್ಯಾನಿನಲ್ಲಿ ಕಾಣುವಷ್ಟು. ಲಂಡನ್ನಿನ ಕಪ್ಪು ಟ್ಯಾಕ್ಸಿ ಓಡಿಸಲು ಸುಮಾರು 25,000 ರಸ್ತೆಗಳನ್ನು ತಲೆಯಲ್ಲಿ ಇಟ್ಟುಕೊಂಡು ಪರೀಕ್ಷೆ ಪಾಸಾಗಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಆ ಚಾಲಕರ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿದೆ ಎಂದು ಎಲೆನರ್ ಮೆಗ್ವೈರ್ 2000ದಲ್ಲಿ ತೋರಿಸಿದರು. "ದೊಡ್ಡದಿದ್ದವರೇ ಆ ಕೆಲಸಕ್ಕೆ ಬಂದಿರಬಹುದಲ್ಲ?" ಎಂಬ ಪ್ರಶ್ನೆ ಎದ್ದಿತು. ಒಳ್ಳೆಯ ಪ್ರಶ್ನೆ. ಹಾಗಾಗಿ ಕಲಿಯಲು ಶುರು ಮಾಡಿದ 79 ಜನರನ್ನು ಮೊದಲೇ ಸ್ಕ್ಯಾನ್ ಮಾಡಿ, ಕಲಿಕೆ ಮುಗಿದ ಮೇಲೆ ಮತ್ತೆ ನೋಡಿದರು. ಪಾಸಾದ 39 ಜನರಲ್ಲಿ ಆ ಭಾಗ ಬೆಳೆದಿತ್ತು, ಉಳಿದವರಲ್ಲಿ ಇಲ್ಲ. 2011ರಲ್ಲಿ ಇದು ಹೊರಬಂತು. ಒಂದು ಬೆಲೆಯನ್ನೂ ತೆತ್ತಿದ್ದರು. ಹೊಸ ಚಿತ್ರವೊಂದನ್ನು ನೋಡಿ ಸ್ವಲ್ಪ ಹೊತ್ತಿನ ಮೇಲೆ ಬಿಡಿಸಿ ಎಂದರೆ ಈ ಪಾಸಾದವರೇ ಹಿಂದೆ ಬಿದ್ದರು.

ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಪರಿಣತರಾಗಬಹುದಂತೆ?

ಆ ಅಂಕಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಎರಿಕ್ಸನ್ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. 20 ವರ್ಷದ ಹೊತ್ತಿಗೆ ಅವರಲ್ಲಿ ಅತ್ಯುತ್ತಮ ವಾದಕರ ಅಭ್ಯಾಸದ ಸರಾಸರಿ ಅದು. ಸರಾಸರಿಯನ್ನು ಜನ ನಿಯಮ ಮಾಡಿಕೊಂಡರು. ಅರ್ಜೆಂಟೀನಾದ ಚೆಸ್ ಆಟಗಾರರನ್ನು ಕೇಳಿದಾಗ ಒಬ್ಬರು ಸುಮಾರು 3,000 ಗಂಟೆಯಲ್ಲಿ ಮಾಸ್ಟರ್ ಆಗಿದ್ದರು, ಇನ್ನೊಬ್ಬರಿಗೆ 23,000ಕ್ಕೂ ಹೆಚ್ಚು ಬೇಕಾಗಿತ್ತು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2014ರಲ್ಲಿ ಲೆಕ್ಕ ಹಾಕಿದರು. ಜನರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಸಂಗೀತದಲ್ಲಿ 21 ಪರ್ಸೆಂಟ್, ಕ್ರೀಡೆಯಲ್ಲಿ 18. ಉಳಿದದ್ದರಲ್ಲಿ ಹುಟ್ಟು, ಶುರು ಮಾಡಿದ ವಯಸ್ಸು, ಗುರು, ಮನೆಯ ಸ್ಥಿತಿ ಎಲ್ಲ ಇರಬಹುದು. "ನಿನ್ನ ಮಗ ಕಷ್ಟಪಡಲಿಲ್ಲ, ಅದಕ್ಕೇ ಬರಲಿಲ್ಲ" ಅನ್ನುವವರಿಗೆ ಈ ಅಂಕಿ ತೋರಿಸಿ.

ಚೆಸ್ ಕಲಿಸಿದರೆ ಮಗುವಿನ ನೆನಪಿನ ಶಕ್ತಿ ಹೆಚ್ಚುತ್ತದಾ?

ಚೆಸ್ ನೆನಪು ಹೆಚ್ಚುತ್ತದೆ. ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡ್ ನೋಡಿದರೂ ಮಾಸ್ಟರ್ ಬಹುಪಾಲು ಕಾಯಿಗಳನ್ನು ಸರಿಯಾಗಿ ಇಡುತ್ತಾರೆ. ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟರೆ ಹೊಸಬರಿಗಿಂತ ಹೆಚ್ಚೇನೂ ಮಾಡಲಾರರು. 1973ರಲ್ಲಿ ಚೇಸ್ ಮತ್ತು ಹರ್ಬರ್ಟ್ ಸೈಮನ್ ತೋರಿಸಿದ್ದು ಇದನ್ನೇ. ಮಗುವಿಗೆ ಇಷ್ಟವಾದರೆ ಚೆಸ್ ಆಡಲಿ, ಸಮಾಜ ಪರೀಕ್ಷೆಗೆ ಅದರಿಂದ ಲಾಭ ಎಣಿಸಬೇಡಿ.

ಮೆದುಳಿನ ಒಂದು ಭಾಗವನ್ನು ಚಾಲೂ ಮಾಡುತ್ತೇವೆ ಅಂತ ಮಕ್ಕಳ ಕಣ್ಣು ಕಟ್ಟಿ ಓದಿಸುವ "ಮಿಡ್‌ಬ್ರೇನ್" ಕ್ಲಾಸಿಗೆ ಸೇರಿಸಲಾ?

ಬೇಡ. ಪಟ್ಟಿ ಎಷ್ಟು ಬಿಗಿ ಕಟ್ಟಿದರೂ ಮೂಗಿನ ಪಕ್ಕ ಒಂದು ಸಂದಿ ಉಳಿಯುತ್ತದೆ, ಮಕ್ಕಳು ಅಲ್ಲಿಂದ ನೋಡುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲು ಮಾಡುತ್ತ ಊರೂರು ತಿರುಗಿದ್ದಾರೆ. ಮಿಡ್‌ಬ್ರೇನ್ ಅಂದರೆ ಕಣ್ಣಿನ ಚಲನೆ, ಎಚ್ಚರ ಇಂಥವನ್ನು ನೋಡಿಕೊಳ್ಳುವ ಭಾಗ. ಅದನ್ನು ಯಾರೋ ಬಂದು ಚಾಲೂ ಮಾಡಬೇಕಿದ್ದರೆ ಮಗು ಎದ್ದು ಕ್ಲಾಸಿಗೇ ಬರುತ್ತಿರಲಿಲ್ಲ. ನನಗೆ ಬೇಸರ ಹಣದ್ದಲ್ಲ. ಇಣುಕಿ ನೋಡಿ ಅಪ್ಪ ಅಮ್ಮನ ಹತ್ತಿರ ಸುಳ್ಳು ಹೇಳುವುದನ್ನು ಮಗು ದುಡ್ಡು ಕೊಟ್ಟು ಕಲಿಯುತ್ತದಲ್ಲ, ಅದಕ್ಕೆ.

ಎಲ್ಲವೂ ನೆನಪಿದ್ದರೆ ಎಷ್ಟು ಚೆಂದ ಅಲ್ವಾ?

ಕ್ಯಾಲಿಫೋರ್ನಿಯಾದ ಜಿಲ್ ಪ್ರೈಸ್ ಅವರನ್ನು ಕೇಳಬೇಕು. ಹದಿಹರೆಯದಿಂದ ಈಚಿನ ಯಾವ ತಾರೀಕು ಹೇಳಿದರೂ ಅವತ್ತು ಯಾವ ವಾರ, ತಾನು ಏನು ಮಾಡಿದೆ ಎಂದು ಹೇಳಬಲ್ಲವರು. ಅವರ ಬಗ್ಗೆ ವಿಜ್ಞಾನಿಗಳು 2006ರಲ್ಲಿ ಬರೆದರು. ಅವರಿಗದು ವರವಲ್ಲ, ಹೊರೆ. ಹಳೇ ಜಗಳ, ಹಳೇ ಅವಮಾನ ಯಾವುದೂ ಮಾಸುವುದಿಲ್ಲ. ಶಾಲೆಯಲ್ಲಿ ಬಾಯಿಪಾಠವೂ ಅವರಿಗೆ ಸಲೀಸಾಗಿರಲಿಲ್ಲ.

ಬಾಯಿಪಾಠ ಕೆಟ್ಟದ್ದಾ? ಮಗ್ಗಿ ಕಲಿಸಬೇಕಾ ಬೇಡವಾ?

ಕಲಿಸಿ. ಏಳೆಂಟಲ ಐವತ್ತಾರು ಅನ್ನುವುದು ತಾನಾಗಿ ಬಂದರೆ, ತಲೆಯ ಸಣ್ಣ ಬಾಗಿಲಲ್ಲಿ ಲೆಕ್ಕದ ಉಳಿದ ಹೆಜ್ಜೆಗಳಿಗೆ ಜಾಗ ಸಿಗುತ್ತದೆ. ಆದರೆ ಒಂದೇ ರಾತ್ರಿ ಐವತ್ತು ಸಲ ಓದಿಸಬೇಡಿ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ, ನಾಲ್ಕು ದಿನ ಬಿಟ್ಟು ಮತ್ತೆ. ಹಂಚಿ ಕಲಿತದ್ದು ನಿಲ್ಲುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಬರೆದ. ಇನ್ನೊಂದು, ಪುಸ್ತಕ ಮುಚ್ಚಿ ಹೇಳಿಸಿ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿಸಿಕೊಂಡು ಹೇಳುವುದು ಹೆಚ್ಚು ದಿನ ಉಳಿಯುತ್ತದೆ. ಆಮೇಲೆ ನಿದ್ದೆ. ಅವತ್ತು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ.

ಮುಖ ನೆನಪಿರುತ್ತದೆ, ಹೆಸರು ಬಾಯಿಗೆ ಬರುವುದಿಲ್ಲ. ವಯಸ್ಸಾಯಿತಾ?

ಇಪ್ಪತ್ತರ ಹುಡುಗರಿಗೂ ಹೀಗೇ. ಮುಖದ ಜೊತೆ ಒಂದು ಪದ ಕೊಟ್ಟು ನೆನಪಿಡಿ ಅಂದರೆ, ಅದೇ ಪದ ಹೆಸರಾಗಿದ್ದರೆ ಮರೆಯುತ್ತದೆ, ಕೆಲಸವಾಗಿದ್ದರೆ ನೆನಪಿರುತ್ತದೆ. ಇಂಗ್ಲಿಷಿನ ಹೆಸರುಗಳನ್ನಿಟ್ಟು 1987ರಲ್ಲಿ ಇದನ್ನು ತೋರಿಸಿದ್ದಾರೆ. ನಮ್ಮಲ್ಲಾದರೆ ಹೂಗಾರ್, ಬಡಿಗೇರ್ ಇಟ್ಟುಕೊಂಡು ನೋಡಿ. ಒಬ್ಬರನ್ನು "ಇವರು ಬಡಿಗೇರ್" ಅಂತ ಪರಿಚಯಿಸಿದರೆ ಅದು ಬರೀ ಸದ್ದು. "ಇವರು ಬಡಗಿ" ಅಂದರೆ ಉಳಿ, ಬಾಚಿ, ಮರದ ಪುಡಿ, ನಿಮ್ಮ ಮನೆಯ ಅಲುಗುವ ಕಿಟಕಿ ಎಲ್ಲ ಒಟ್ಟಿಗೆ ಬರುತ್ತದೆ. ಹಾಗಾಗಿ ಮುಂದಿನ ಸಲ ಬಡಿಗೇರ್ ಅವರು ಸಿಕ್ಕರೆ, ಅವರು ಬ್ಯಾಂಕಿನಲ್ಲಿದ್ದರೂ ಪರವಾಗಿಲ್ಲ, ಮನಸ್ಸಿನಲ್ಲೇ ಅವರ ಕೈಗೆ ಒಂದು ಉಳಿ ಕೊಟ್ಟುಬಿಡಿ.